ಮೈನಿಂಗ್ ಮೆಷಿನ್ ಕೊಳ್ಳುವ ಮುನ್ನ ಕರೆಂಟ್ ಬಿಲ್ ನೋಡಿ: ನೆದರ್‌ಲ್ಯಾಂಡ್ಸ್‌ನಲ್ಲಿರುವ ಹೊಸಬರಿಗೆ ಲೆಕ್ಕಸಹಿತ ಮಾಹಿತಿ

ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಅಲ್ಲಿಂದ ಯುರೋಪಿನ ದಾರಿ ಹಿಡಿದ ನಮ್ಮವರು ಈಗ ಕಡಿಮೆಯೇನಿಲ್ಲ. ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್, ರಾಟರ್‌ಡ್ಯಾಮ್ ಕಡೆ ಕನ್ನಡದ ಮನೆಗಳು ಸಾಕಷ್ಟಿವೆ. ಅವರ ವಾಟ್ಸಾಪ್ ಗ್ರೂಪುಗಳಲ್ಲೂ, ದುಬೈ–ದಮ್ಮಾಮ್‌ನಲ್ಲಿರುವ ಅಣ್ಣತಮ್ಮಂದಿರ ಗ್ರೂಪುಗಳಲ್ಲೂ ಪದೇಪದೇ ಬರುವ ಪ್ರಶ್ನೆ ಒಂದೇ: "ಮನೇಲೇ ಬಿಟ್‌ಕಾಯಿನ್ ಮೈನಿಂಗ್ ಮಾಡ್ಬೇಕು ಅಂತ ಇದೆ, ಯಾವ ಕಂಪ್ಯೂಟರ್ ತಗೊಳ್ಳಲಿ?"

ಉತ್ತರ ಹೇಳುವವರು ಸಾಮಾನ್ಯವಾಗಿ ಮೆಷಿನ್ ಹೆಸರು ಹೇಳುತ್ತಾರೆ. ನಾನು ಓದಿದ್ದು ಬಿ.ಕಾಂ., ಹೊಟ್ಟೆಪಾಡು ಅಕೌಂಟ್ಸ್. ನನ್ನ ಕಣ್ಣು ಮೊದಲು ಹೋಗುವುದು ಖರ್ಚಿನ ಕಲಮಿಗೆ. ಆದ್ದರಿಂದ ಈ ಲೇಖನ ಮೆಷಿನ್‌ನಿಂದ ಶುರುವಾಗುವುದಿಲ್ಲ, ನಿಮ್ಮ ಮನೆಯ ಕರೆಂಟ್ ದರದಿಂದ ಶುರುವಾಗುತ್ತದೆ. ಅದು ಗೊತ್ತಾದರೆ ಮೆಷಿನ್ ಆಯ್ಕೆ ತಾನಾಗಿಯೇ ಆಗುತ್ತದೆ.

ಅವಸರದಲ್ಲಿರುವವರಿಗೆ ಸಾರಾಂಶ ಇಲ್ಲೇ ಹೇಳಿಬಿಡುತ್ತೇನೆ. ನೆದರ್‌ಲ್ಯಾಂಡ್ಸ್‌ನ ಮನೆ ಕರೆಂಟ್ ದರದಲ್ಲಿ ದೊಡ್ಡ ಮೈನಿಂಗ್ ಮೆಷಿನ್ ಲಾಭ ಕೊಡುವುದಿಲ್ಲ. ಕಲಿಯುವ ಆಸೆಗಾಗಿ 20 ವ್ಯಾಟ್ ಒಳಗಿನ ಪುಟ್ಟ ಮೆಷಿನ್ ತಗೊಂಡರೆ ಅಡ್ಡಿಯಿಲ್ಲ, ಅದನ್ನು ಹವ್ಯಾಸದ ಖರ್ಚು ಅಂತ ಬರೆದಿಡಿ. ಯಾಕೆ ಅಂತ ಲೆಕ್ಕ ಬೇಕಿದ್ದರೆ ಮುಂದೆ ಓದಿ.

ಮೊದಲು ತಿಳಿಯಬೇಕಾದ ಮೂರು ಸಂಖ್ಯೆಗಳು

ಮೈನಿಂಗ್ ಮೆಷಿನ್‌ನ ಜಾಹೀರಾತಿನಲ್ಲಿ ಇಪ್ಪತ್ತು ವಿವರ ಇರುತ್ತವೆ. ನಮಗೆ ಬೇಕಾದ್ದು ಮೂರೇ.

ಒಂದು, ಹ್ಯಾಶ್‌ರೇಟ್. ಮೆಷಿನ್ ಸೆಕೆಂಡಿಗೆ ಎಷ್ಟು ಸಲ ಲಾಟರಿ ಚೀಟಿ ಎತ್ತುತ್ತದೆ ಅನ್ನುವ ಲೆಕ್ಕ ಇದು. ಬಿಟ್‌ಕಾಯಿನ್‌ನಲ್ಲಿ ಇದನ್ನು ಟೆರಾಹ್ಯಾಶ್‌ನಲ್ಲಿ ಹೇಳುತ್ತಾರೆ. ಒಂದು ಟೆರಾಹ್ಯಾಶ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಪ್ರಯತ್ನ.

ಎರಡು, ವ್ಯಾಟ್. 1,000 ವ್ಯಾಟ್‌ನ ಮೆಷಿನ್ ಒಂದು ಗಂಟೆ ಓಡಿದರೆ ಒಂದು ಯೂನಿಟ್ ಕರೆಂಟ್. ಮೈನಿಂಗ್ ಮೆಷಿನ್ ರಾತ್ರಿ ಹಗಲು ಓಡುವ ವಸ್ತು, ಇಸ್ತ್ರಿ ಪೆಟ್ಟಿಗೆಯ ಹಾಗೆ ಹತ್ತು ನಿಮಿಷದ್ದಲ್ಲ.

ಮೂರು, ಇವೆರಡರ ಅನುಪಾತ. ವ್ಯಾಟನ್ನು ಟೆರಾಹ್ಯಾಶ್‌ನಿಂದ ಭಾಗಿಸಿ. ಬರುವ ಸಂಖ್ಯೆ ಚಿಕ್ಕದಾದಷ್ಟೂ ಮೆಷಿನ್ ಒಳ್ಳೆಯದು. ಬಿಟ್‌ಮೈನ್ ಕಂಪನಿ 2020ರಲ್ಲಿ ತಂದ ಆಂಟ್‌ಮೈನರ್ ಎಸ್19ರಲ್ಲಿ 95 ಟೆರಾಹ್ಯಾಶ್‌ಗೆ 3,250 ವ್ಯಾಟ್, ಅಂದರೆ 34. ಅದೇ ಕಂಪನಿಯ ಎಸ್21ರಲ್ಲಿ 200 ಟೆರಾಹ್ಯಾಶ್‌ಗೆ 3,500 ವ್ಯಾಟ್, ಅಂದರೆ 17.5. ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಹಳೇ ಮೆಷಿನ್ ಕೆಟ್ಟುಹೋಗಿ ಬೆಲೆ ಕಳೆದುಕೊಳ್ಳುವುದಿಲ್ಲ, ಹೊಸದು ಬಂದಿದ್ದಕ್ಕೇ ಕಳೆದುಕೊಳ್ಳುತ್ತದೆ. ಅಕೌಂಟ್ಸ್ ಭಾಷೆಯಲ್ಲಿ ಇದರ ಸವಕಳಿ ಕಾರಿಗಿಂತ ಜೋರು.

ಇದರಲ್ಲಿ ನೆದರ್‌ಲ್ಯಾಂಡ್ಸ್‌ನ ಕೈಯೂ ಇದೆ. ಈ ಕಂಪನಿಗಳ ಮುಖ್ಯ ಚಿಪ್‌ಗಳು ಹೆಚ್ಚಾಗಿ ತಯಾರಾಗುವುದು ತೈವಾನಿನ ಟಿಎಸ್‌ಎಂಸಿಯಲ್ಲಿ. ಅಲ್ಲಿ ಚಿಪ್ ಮೇಲೆ ಸೂಕ್ಷ್ಮ ಗೆರೆ ಮೂಡಿಸುವ ಯಂತ್ರಗಳು ಹೋಗುವುದು ಐಂಡ್‌ಹೋವನ್ ಪಕ್ಕದ ವೆಲ್ಡ್‌ಹೋವನ್‌ನಲ್ಲಿರುವ ಎಎಸ್‌ಎಂಎಲ್‌ನಿಂದ. ಗೆರೆ ಸಣ್ಣದಾದಂತೆ ಕರೆಂಟ್ ಕಡಿಮೆ ಸಾಕಾಗುತ್ತದೆ, ಹಳೇ ಮೆಷಿನ್ ಮೂಲೆಗೆ ಬೀಳುತ್ತದೆ.

ದಿನದ ಆದಾಯ ಎಷ್ಟು? ನೀವೇ ಲೆಕ್ಕ ಹಾಕಿ

ಯಾರದೋ ಆ್ಯಪ್ ತೋರಿಸುವ ಅಂಕಿ ನಂಬಬೇಕಿಲ್ಲ. ಬಿಟ್‌ಕಾಯಿನ್‌ನ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 144. 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ ಬಹುಮಾನ 3.125 ಬಿಟ್‌ಕಾಯಿನ್. ಗುಣಿಸಿದರೆ ಇಡೀ ಪ್ರಪಂಚಕ್ಕೆ ದಿನಕ್ಕೆ 450 ಬಿಟ್‌ಕಾಯಿನ್.

ಈ 450ನ್ನು ಎಲ್ಲಾ ಮೈನರ್‌ಗಳು ತಮ್ಮ ಹ್ಯಾಶ್‌ರೇಟ್ ಪ್ರಕಾರ ಹಂಚಿಕೊಳ್ಳುತ್ತಾರೆ. 2025ರಲ್ಲಿ ನೆಟ್‌ವರ್ಕಿನ ಒಟ್ಟು ಬಲ ನೂರು ಕೋಟಿ ಟೆರಾಹ್ಯಾಶ್ ಮುಟ್ಟಿತು. ಭಾಗಿಸಿದರೆ ಒಂದು ಟೆರಾಹ್ಯಾಶ್ ಪಾಲಿಗೆ ದಿನಕ್ಕೆ 0.00000045 ಬಿಟ್‌ಕಾಯಿನ್. ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲಿ ಒಂದು ಭಾಗವನ್ನು ಸತೋಷಿ ಅನ್ನುತ್ತಾರೆ. ಆ ಲೆಕ್ಕದಲ್ಲಿ 45 ಸತೋಷಿ.

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಒಂದು ಬಿಟ್‌ಕಾಯಿನ್ 80,000 ಯೂರೋ ಅಂತ ಇಟ್ಟುಕೊಳ್ಳೋಣ. ಒಂದು ಟೆರಾಹ್ಯಾಶ್‌ಗೆ ದಿನಕ್ಕೆ 3.6 ಸೆಂಟ್ ಬರುತ್ತದೆ. ಕರೆಂಟ್ ದರ ಯೂನಿಟ್‌ಗೆ 25 ಸೆಂಟ್ ಅಂತ ಹಿಡಿಯೋಣ. ನಿಮ್ಮ ಬಿಲ್‌ನಲ್ಲಿ ಬೇರೆ ದರ ಇದ್ದರೆ ಅದನ್ನೇ ಹಾಕಿ. ತೆರಿಗೆ, ವ್ಯಾಟ್ ಎಲ್ಲಾ ಸೇರಿದ ದರ ಹಾಕಬೇಕು, ಬರೀ ಕರೆಂಟಿನ ದರ ಅಲ್ಲ.

ಈಗ ಒಂದೊಂದೇ ಮೆಷಿನ್ ನೋಡೋಣ.

ಆಂಟ್‌ಮೈನರ್ ಎಸ್19: ದಿನದ ಆದಾಯ 3.42 ಯೂರೋ. 78 ಯೂನಿಟ್ ಕರೆಂಟ್, ಖರ್ಚು 19.50 ಯೂರೋ.

ಆಂಟ್‌ಮೈನರ್ ಎಸ್21: ಆದಾಯ 7.20 ಯೂರೋ. 84 ಯೂನಿಟ್, ಖರ್ಚು 21 ಯೂರೋ.

ಅವಲಾನ್ ಮಿನಿ 3, 37.5 ಟೆರಾಹ್ಯಾಶ್, 800 ವ್ಯಾಟ್: ಆದಾಯ 1.35 ಯೂರೋ. ಖರ್ಚು 4.80 ಯೂರೋ.

ಅವಲಾನ್ ನ್ಯಾನೋ 3ಎಸ್, 6 ಟೆರಾಹ್ಯಾಶ್, 140 ವ್ಯಾಟ್: ಆದಾಯ 22 ಸೆಂಟ್. ಖರ್ಚು 84 ಸೆಂಟ್.

ಬಿಟ್‌ಆ್ಯಕ್ಸ್ ಗ್ಯಾಮಾ, ಸುಮಾರು 1.2 ಟೆರಾಹ್ಯಾಶ್, 18 ವ್ಯಾಟ್: ಆದಾಯ ನಾಲ್ಕು ಸೆಂಟ್. ಖರ್ಚು ಹನ್ನೊಂದು ಸೆಂಟ್.

ಒಂದರಲ್ಲೂ ಆದಾಯ ಖರ್ಚನ್ನು ಮುಟ್ಟುವುದಿಲ್ಲ. ಇದರಲ್ಲಿ ಮೆಷಿನ್ ಕೊಂಡ ದುಡ್ಡು ಇನ್ನೂ ಸೇರಿಯೇ ಇಲ್ಲ. ಎಸ್21 ನಷ್ಟವಿಲ್ಲದೆ ಓಡಬೇಕಾದರೆ ಕರೆಂಟ್ ಯೂನಿಟ್‌ಗೆ ಎಂಟೂವರೆ ಸೆಂಟ್‌ಗೆ ಸಿಗಬೇಕು, ಎಸ್19ಕ್ಕೆ ಸುಮಾರು 4.4 ಸೆಂಟ್. ಡಚ್ ಮನೆಯಲ್ಲಿ ಆ ದರಕ್ಕೆ ಕರೆಂಟ್ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಇಲ್ಲಿ ಇಲಿಯೂ ಅರ್ಧವೇ ಸಿಗುವುದು.

"ಮುಂದೆ ಬೆಲೆ ಏರುತ್ತಲ್ಲ?"

ಈ ಲೆಕ್ಕ ತೋರಿಸಿದಾಗ ಬರುವ ಮೊದಲ ಮಾತು ಇದು. "ಈಗ ನಷ್ಟ ಆದ್ರೂ ಪರವಾಗಿಲ್ಲ ಸಾರ್, ಕಾಯಿನ್ ಇಟ್ಕೊಂಡ್ರೆ ಮುಂದೆ ಎರಡು ಪಟ್ಟು ಆಗುತ್ತೆ."

ಎಸ್21ಕ್ಕೆ ತಿಂಗಳಿಗೆ ಕರೆಂಟ್ ಖರ್ಚು 630 ಯೂರೋ. ಅದು ತಿಂಗಳಿಗೆ ಕೊಡುವುದು 0.0027 ಬಿಟ್‌ಕಾಯಿನ್. ಅದೇ 630 ಯೂರೋಗೆ ಎಕ್ಸ್‌ಚೇಂಜ್‌ನಲ್ಲಿ ನೇರವಾಗಿ ಕೊಂಡರೆ ಸಿಗುವುದು 0.0079. ಹತ್ತಿರಹತ್ತಿರ ಮೂರು ಪಟ್ಟು. ಮುಂದೆ ಬೆಲೆ ಏರಿದರೆ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಬೆಲೆ ಏರಿಕೆ ಮೈನಿಂಗ್ ಪರವಾದ ವಾದವೇ ಅಲ್ಲ. ಇದರರ್ಥ ಕಾಯಿನ್ ಕೊಳ್ಳಿ ಅಂತಲೂ ಅಲ್ಲ. ಅದು ಬೇರೆ ವಿಷಯ, ಬೇರೆ ಅಪಾಯ.

ಇನ್ನೊಂದು ಸಂಗತಿ. ಬೆಲೆ ಏರಿದಾಗ ಹೊಸ ಮೈನರ್‌ಗಳು ಸೇರುತ್ತಾರೆ. ಪ್ರತಿ 2,016 ಬ್ಲಾಕಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ನೆಟ್‌ವರ್ಕ್ ತನ್ನ ಕಷ್ಟದ ಮಟ್ಟವನ್ನು ಸರಿಪಡಿಸಿಕೊಳ್ಳುತ್ತದೆ. ಜನ ಹೆಚ್ಚಾದಂತೆ ನಿಮ್ಮ ಪಾಲು ಕರಗುತ್ತದೆ. 2028ರಲ್ಲಿ ಬಹುಮಾನ ಮತ್ತೆ ಅರ್ಧವಾಗಲಿದೆ.

ಗೇಮಿಂಗ್ ಕಂಪ್ಯೂಟರ್, ಗ್ರಾಫಿಕ್ಸ್ ಕಾರ್ಡ್ ಆಗೋದಿಲ್ವಾ?

ಯೂಟ್ಯೂಬ್‌ನಲ್ಲಿ ಈಗಲೂ ಆರು ಗ್ರಾಫಿಕ್ಸ್ ಕಾರ್ಡ್ ಜೋಡಿಸಿದ ರಿಗ್‌ಗಳ ವಿಡಿಯೋ ಸಿಗುತ್ತವೆ. ಹಾಕಿದ ತಾರೀಖು ನೋಡಿ. ಆ ಕಾಲ ಮುಗಿದಿದೆ. ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಮುಖ್ಯ ಸಂಪಾದನೆ ಇದ್ದದ್ದು ಇಥೀರಿಯಂನಿಂದ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಅಂದು ಲಕ್ಷಾಂತರ ಕಾರ್ಡುಗಳು ಕೆಲಸ ಕಳೆದುಕೊಂಡವು. ಉಳಿದ ಚಿಕ್ಕಪುಟ್ಟ ಕಾಯಿನ್‌ಗಳ ಮೇಲೆ ಎಲ್ಲರೂ ಬಿದ್ದರು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಯಿತು.

ಬಿಟ್‌ಕಾಯಿನ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಮಾತೇ ಇಲ್ಲ. ಎಸಿಕ್ ಅಂತ ಕರೆಯುವ, ಅದೊಂದೇ ಕೆಲಸಕ್ಕೆ ಮಾಡಿದ ಚಿಪ್‌ಗಳ ಮುಂದೆ ಅದು ನಿಲ್ಲುವುದಿಲ್ಲ.

ಸಾಮಾನ್ಯ ಪ್ರೊಸೆಸರ್‌ನಲ್ಲಿ ಇಂದಿಗೂ ಮೈನ್ ಮಾಡಬಹುದಾದ ದೊಡ್ಡ ಕಾಯಿನ್ ಮೊನೆರೋ. ಅದರ ರ‍್ಯಾಂಡಮ್‌ಎಕ್ಸ್ ಪದ್ಧತಿಯನ್ನು ಪ್ರೊಸೆಸರ್‌ಗಳಿಗೆ ಅನುಕೂಲವಾಗುವಂತೆ ಮಾಡಿದ್ದಾರೆ. ಪ್ರತಿ ಥ್ರೆಡ್‌ಗೆ 2 ಎಂಬಿ ಎಲ್3 ಕ್ಯಾಶ್ ಬೇಕು, ಹಾಗಾಗಿ ದೊಡ್ಡ ಕ್ಯಾಶ್ ಇರುವ ರೈಜನ್ ಪ್ರೊಸೆಸರ್‌ಗಳು ಮುಂದು. ಕಲಿಯಲು ಇದು ಒಳ್ಳೆಯ ದಾರಿ, ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಆದರೆ ಗಳಿಸಿದ್ದನ್ನು ಮಾರುವುದು ಕಷ್ಟ. 2024ರ ಕೊನೆಯಲ್ಲಿ ಕ್ರಾಕನ್ ಎಕ್ಸ್‌ಚೇಂಜ್ ಯುರೋಪಿನ ಗ್ರಾಹಕರಿಗೆ ಮೊನೆರೋ ವಹಿವಾಟು ನಿಲ್ಲಿಸಿತು.

ಆದರೂ ರಿಗ್ ಜೋಡಿಸಿ ಕಲಿಯುತ್ತೇನೆ ಅನ್ನುವವರಿಗೆ ಎರಡು ಎಚ್ಚರಿಕೆ. ಪವರ್ ಸಪ್ಲೈ ಗೋಲ್ಡ್ ಅಥವಾ ಪ್ಲಾಟಿನಂ ದರ್ಜೆಯದಿರಲಿ, ಅದರ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಭಾರ ಹಾಕಬೇಡಿ. ಕಾರ್ಡಿನ ರೈಸರ್‌ಗೆ ಸಾಟಾ ಕೇಬಲ್‌ನಿಂದ ಕರೆಂಟ್ ಕೊಡಬೇಡಿ. ಸಾಟಾ ಕನೆಕ್ಟರ್ ತಡೆಯುವುದು 54 ವ್ಯಾಟ್, ರೈಸರ್ 75 ವ್ಯಾಟ್‌ವರೆಗೆ ಎಳೆಯಬಹುದು. ಕನೆಕ್ಟರ್ ಕರಗಿ ಬೆಂಕಿ ಹತ್ತುವುದು ಇಲ್ಲೇ.

ಪುಟ್ಟ ಮೆಷಿನ್: ಹೊಸಬರಿಗೆ ಒಪ್ಪುವ ಆಯ್ಕೆ

ಬಿಟ್‌ಆ್ಯಕ್ಸ್ ಅಂಗೈ ಅಗಲದ ಬೋರ್ಡು. ಇದರ ವಿನ್ಯಾಸ ಎಲ್ಲರಿಗೂ ತೆರೆದಿಟ್ಟದ್ದು, ಯಾರು ಬೇಕಾದರೂ ಮಾಡಿ ಮಾರಬಹುದು. ಒಳಗಿರುವುದು ದೊಡ್ಡ ಆಂಟ್‌ಮೈನರ್‌ನಲ್ಲಿ ಬರುವ ಜಾತಿಯದೇ ಒಂದು ಚಿಪ್. ವೈಫೈಗೆ ಜೋಡಿಸಿ, ಬ್ರೌಸರ್‌ನಲ್ಲಿ ಪೂಲ್ ವಿಳಾಸ, ವಾಲೆಟ್ ವಿಳಾಸ ತುಂಬಿದರೆ ಶುರು. ಫ್ಯಾನ್ ಸದ್ದು ಲ್ಯಾಪ್‌ಟಾಪ್ ಫ್ಯಾನಿನಷ್ಟು. ಬೆಲೆ ನೂರೈವತ್ತು ಯೂರೋ ಆಸುಪಾಸು. ವರ್ಷದ ಕರೆಂಟ್ ಸುಮಾರು 158 ಯೂನಿಟ್, 39 ಯೂರೋ.

ಇದನ್ನು ಪೂಲ್‌ಗೆ ಸೇರಿಸಿದರೆ ದಿನಕ್ಕೆ 54 ಸತೋಷಿ. ಪೂಲ್‌ನ ಕನಿಷ್ಠ ಪಾವತಿ ಮಿತಿ 0.001 ಬಿಟ್‌ಕಾಯಿನ್ ಇದ್ದರೆ ಮೊದಲ ಸಂಬಳ ಕೈಗೆ ಬರಲು ಐದು ವರ್ಷ ಬೇಕು. ಹಾಗಾಗಿ ಸೇರುವ ಮುನ್ನ ಆ ಮಿತಿ ನೋಡಿ.

ಹೆಚ್ಚಿನವರು ಇದನ್ನು ಒಂಟಿ ಮೈನಿಂಗ್‌ಗೆ ಹಾಕುತ್ತಾರೆ, ಸಿಕ್ಕರೆ ಇಡೀ ಬ್ಲಾಕ್ ನಮಗೇ ಅನ್ನುವ ಆಸೆಗೆ. ಮೇಲೆ ಹೇಳಿದ ಹ್ಯಾಶ್‌ರೇಟ್ ಪ್ರಕಾರ ಒಂದು ಬಿಟ್‌ಆ್ಯಕ್ಸ್‌ಗೆ ಬ್ಲಾಕ್ ಸಿಗುವುದು ಸರಾಸರಿ 16 ಸಾವಿರ ವರ್ಷಕ್ಕೊಮ್ಮೆ. 2024ರ ಜುಲೈನಲ್ಲಿ ಇಂಥ ಪುಟ್ಟ ಮೆಷಿನ್‌ನವರೊಬ್ಬರಿಗೆ ಬ್ಲಾಕ್ ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು. ದುಬೈ ರ‍್ಯಾಫಲ್‌ನಲ್ಲಿ ಗೆದ್ದವರ ಫೋಟೋ ಪೇಪರಿನಲ್ಲಿ ಬರುತ್ತದೆ, ಟಿಕೆಟ್ ಕೊಂಡ ಉಳಿದವರ ಫೋಟೋ ಬರುವುದಿಲ್ಲ. ಇದೂ ಹಾಗೇ.

ಇನ್ನೂ ಅಗ್ಗಕ್ಕೆ ನರ್ಡ್‌ಮೈನರ್ ಅಂತ ಒಂದು ವ್ಯಾಟ್‌ನ ಆಟಿಕೆ ಸಿಗುತ್ತದೆ. ಅದರ ಬಲ ಟೆರಾಹ್ಯಾಶ್‌ನಲ್ಲಲ್ಲ, ಕಿಲೋಹ್ಯಾಶ್‌ನಲ್ಲಿ. ಮಕ್ಕಳಿಗೆ ತೋರಿಸಲು ಚೆನ್ನ, ಅಷ್ಟೇ.

ಚಳಿಗಾಲದಲ್ಲಿ ಹೀಟರ್ ಆಗುತ್ತಲ್ಲ?

ಇದು ಸುಳ್ಳಲ್ಲ. ಮೈನಿಂಗ್ ಮೆಷಿನ್ ತಿಂದ ಕರೆಂಟ್ ಪೂರ್ತಿ ಶಾಖವಾಗಿ ಹೊರಬರುತ್ತದೆ. ಆಮ್‌ಸ್ಟರ್‌ಡ್ಯಾಮ್ ಬಳಿ ಬರ್ಟ್ ಡೆ ಗ್ರೂಟ್ ಎಂಬವರು ನಡೆಸುವ ಬಿಟ್‌ಕಾಯಿನ್ ಬ್ಲೂಮ್ ಎಂಬ ಉದ್ಯಮ ಟುಲಿಪ್ ಬೆಳೆಯುವ ಗಾಜಿನ ಮನೆಯನ್ನು ಮೈನರ್‌ಗಳ ಶಾಖದಿಂದ ಬಿಸಿ ಮಾಡಿ 2022ರ ಕೊನೆಯಲ್ಲಿ ಅಂತಾರಾಷ್ಟ್ರೀಯ ಸುದ್ದಿಯಾಯಿತು. ಆ ಗಾಜಿನ ಮನೆಯ ಛಾವಣಿಯ ಸೋಲಾರ್‌ನಿಂದ ಕರೆಂಟ್, ಮೈನರ್‌ನ ಶಾಖ ಗ್ಯಾಸ್‌ನ ಬದಲಿಗೆ. ಅದೇ ವರ್ಷ ಉಕ್ರೇನ್ ಯುದ್ಧದಿಂದಾಗಿ ಗ್ಯಾಸ್ ಬೆಲೆ ಆಕಾಶಕ್ಕೇರಿತ್ತು. ಅವರಿಗೆ ಶಾಖವೂ ಒಂದು ಸರಕು.

ನಮ್ಮ ಮನೆಗೆ ಈ ಲೆಕ್ಕ ಹೊಂದುತ್ತದೆಯೇ? 800 ವ್ಯಾಟ್‌ನ ಅವಲಾನ್ ಮಿನಿ 3ನ್ನು ಹೀಟರ್ ಅಂತಲೇ ಮಾರುತ್ತಾರೆ. ದಿನಕ್ಕೆ 19.2 ಯೂನಿಟ್ ಶಾಖ, ಖರ್ಚು 4.80, ಆದಾಯ 1.35, ಕಳೆದರೆ 3.45 ಯೂರೋ.

ಇಷ್ಟೇ ಶಾಖವನ್ನು ಮಾಮೂಲಿ ಕರೆಂಟ್ ಹೀಟರ್ ಕೊಟ್ಟರೆ 4.80. ಅದಕ್ಕೆ ಹೋಲಿಸಿದರೆ ಮೈನರ್ ಗೆದ್ದಿತು. ಗ್ಯಾಸ್ ಬಾಯ್ಲರ್‌ನಲ್ಲಿ ಒಂದು ಘನ ಮೀಟರ್ ಗ್ಯಾಸ್‌ಗೆ ಸುಮಾರು 9 ಯೂನಿಟ್ ಶಾಖ ಸಿಗುತ್ತದೆ. ದರ 1.30 ಯೂರೋ ಹಿಡಿದರೆ 2.77ಕ್ಕೆ ಮುಗಿಯಿತು. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ಶಾಖ ಕೊಟ್ಟರೆ 1.20. ನಿಮ್ಮ ಮನೆಯಲ್ಲಿ ಗ್ಯಾಸ್ ಬಾಯ್ಲರೋ ಹೀಟ್ ಪಂಪೋ ಇದ್ದರೆ ಮೈನರ್ ಹೀಟರ್ ಸೋತಿತು. ಬರೀ ಕರೆಂಟ್ ಹೀಟರ್ ಮೇಲೆ ಬದುಕುವ ಕೋಣೆಗೆ ಮಾತ್ರ ಇದು ಯೋಚಿಸಬೇಕಾದ ಆಯ್ಕೆ, ಅದೂ ಚಳಿಗಾಲದ ತಿಂಗಳುಗಳಲ್ಲಿ. ಮೆಷಿನ್ ಬೆಲೆ ಹೀಟರ್ ಬೆಲೆಯ ಎಷ್ಟೋ ಪಟ್ಟು ಅನ್ನುವುದನ್ನೂ ಮರೆಯಬೇಡಿ.

ಛಾವಣಿಯಲ್ಲಿ ಸೋಲಾರ್ ಇದೆ, ಕರೆಂಟ್ ಬಿಟ್ಟಿ ಅಲ್ವಾ?

ನೆದರ್‌ಲ್ಯಾಂಡ್ಸ್‌ನಲ್ಲಿ ಸೋಲಾರ್ ಮನೆಗಳಿಗೆ ಸಾಲ್ಡೇರಿಂಗ್ ಅನ್ನುವ ಸೌಲಭ್ಯ ಇದೆ. ನೀವು ಬೇಸಿಗೆಯಲ್ಲಿ ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳನ್ನು ಚಳಿಗಾಲದಲ್ಲಿ ತಗೊಂಡ ಯೂನಿಟ್‌ಗಳಿಂದ ಕಳೆಯುತ್ತಾರೆ. ಈ ಸೌಲಭ್ಯ ಇರುವಷ್ಟು ಕಾಲ ನಿಮ್ಮ ಸೋಲಾರ್ ಯೂನಿಟ್ ಬಿಟ್ಟಿ ಅಲ್ಲ, ಅದನ್ನು ಮೈನಿಂಗ್‌ಗೆ ಸುಟ್ಟರೆ ಬಿಲ್‌ನಲ್ಲಿ ಕಳೆಯಬೇಕಾದದ್ದನ್ನು ಸುಟ್ಟ ಹಾಗೆ. ಕಾನೂನಿನ ಪ್ರಕಾರ 2027ರ ಜನವರಿ 1ರಿಂದ ಇದು ರದ್ದು. ಆಮೇಲೆ ಮಧ್ಯಾಹ್ನದ ಹೆಚ್ಚುವರಿ ಕರೆಂಟಿಗೆ ಬೆಲೆ ಕಡಿಮೆ. ಆಗ ಮೈನಿಂಗ್ ಹಾಕೋಣ ಅಂತ ಹಲವರ ಯೋಚನೆ.

ಲೆಕ್ಕ ನೋಡಿ. ಪೂರ್ತಿ ಬಿಟ್ಟಿ ಕರೆಂಟ್ ಅಂತಲೇ ಹಿಡಿಯೋಣ. ವರ್ಷದಲ್ಲಿ 150 ಬಿಸಿಲಿನ ದಿನ, ದಿನಕ್ಕೆ 5 ಗಂಟೆ ಎಸ್21 ಓಡಿತು. ಆದಾಯ ದಿನಕ್ಕೆ 1.50, ವರ್ಷಕ್ಕೆ 225 ಯೂರೋ. ಮೆಷಿನ್‌ಗೆ 3,000 ಯೂರೋ ಕೊಟ್ಟು ಮೂರು ವರ್ಷ ಬಾಳಿಕೆ ಹಿಡಿದರೆ ಸವಕಳಿಯೇ ವರ್ಷಕ್ಕೆ 1,000. ವರ್ಷದ ಬಹುಪಾಲು ಸುಮ್ಮನೆ ಕೂರುವ ಮೆಷಿನ್ ತನ್ನ ಬೆಲೆ ದುಡಿಯಲಾರದು.

ಗಂಟೆಗೊಂದು ದರ ಇರುವ ಡೈನಾಮಿಕ್ ಕಾಂಟ್ರಾಕ್ಟ್ ಇದ್ದವರು ಹೇಳುವುದು ಇನ್ನೊಂದು: "ಮಧ್ಯಾಹ್ನ ದರ ಸೊನ್ನೆಗಿಳಿಯುತ್ತೆ." ಮಾರುಕಟ್ಟೆ ದರ ಸೊನ್ನೆಯಾದರೂ ಇಂಧನ ತೆರಿಗೆ ಸೊನ್ನೆಯಾಗುವುದಿಲ್ಲ. 2025ರಲ್ಲಿ ಅದು ವ್ಯಾಟ್ ಸೇರಿ ಯೂನಿಟ್‌ಗೆ ಸುಮಾರು 12 ಸೆಂಟ್ ಇತ್ತು. ಎಸ್21ರ ಮಿತಿ ಎಂಟೂವರೆ ಸೆಂಟ್. ತೆರಿಗೆ ಒಂದೇ ಅದನ್ನು ದಾಟಿತು.

ಮನೆಯ ವೈರಿಂಗ್, ಸದ್ದು, ಬಾಡಿಗೆ ಕರಾರು

ಡಚ್ ಮನೆಯ ಮೀಟರ್ ಕಪಾಟಿನಲ್ಲಿ ಕರೆಂಟನ್ನು ಗ್ರೂಪ್‌ಗಳಾಗಿ ಹಂಚಿರುತ್ತಾರೆ. ಒಂದು ಗ್ರೂಪ್ ಸಾಮಾನ್ಯವಾಗಿ 16 ಆಂಪಿಯರ್, 230 ವೋಲ್ಟ್‌ಗೆ 3,680 ವ್ಯಾಟ್. ಒಂದು ಎಸ್21 ಹಾಕಿದರೆ ಆ ಗ್ರೂಪಿನಲ್ಲಿ ಟೀ ಕೆಟಲ್ ಹಾಕಲೂ ಜಾಗವಿಲ್ಲ. ದಿನವಿಡೀ ಅಷ್ಟು ಭಾರ ಎಳೆಯಲು ಹಳೇ ಮನೆಯ ವೈರ್, ಸಾಕೆಟ್ ಮಾಡಿದ್ದಲ್ಲ. ದೊಡ್ಡ ಮೆಷಿನ್ ಹಾಕುವವರು ಎಲೆಕ್ಟ್ರಿಷಿಯನ್ ಕರೆಸಿ ಪ್ರತ್ಯೇಕ ಗ್ರೂಪ್ ಹಾಕಿಸಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ, ಸುತ್ತಿಟ್ಟ ಕೇಬಲ್ ರೀಲ್‌ಗೆ ಯಾವತ್ತೂ ಸಿಕ್ಕಿಸಬೇಡಿ.

ಆಂಟ್‌ಮೈನರ್ ಸದ್ದು 75 ಡೆಸಿಬೆಲ್, ವ್ಯಾಕ್ಯೂಮ್ ಕ್ಲೀನರ್ ಇಡೀ ರಾತ್ರಿ ಓಡಿದಂತೆ. ಇಲ್ಲಿನ ಸಾಲುಮನೆಗಳಲ್ಲಿ ಪಕ್ಕದವರ ಗೋಡೆಯೂ ನಮ್ಮದೂ ಒಂದೇ. ಬಾಡಿಗೆಯಲ್ಲಿ ಕರೆಂಟ್ ಸೇರಿದ್ದರೆ "ಬಿಟ್ಟಿ ಕರೆಂಟ್" ಅಂತ ಮೆಷಿನ್ ಹಚ್ಚುವುದು ಕರಾರು ಮುರಿದ ಹಾಗೆ, ಮನೆ ಕಳೆದುಕೊಳ್ಳುವ ದಾರಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಮೈನಿಂಗ್ ಸಾಫ್ಟ್‌ವೇರ್ ಹಾಕಿದರೆ ಹೋಗುವುದು ಕೆಲಸ, ವೀಸಾ ಕೆಲಸಕ್ಕೆ ಕಟ್ಟಿಕೊಂಡಿದ್ದರೆ ಅದೂ ಜೊತೆಗೆ.

ಎಲ್ಲಿ ಕೊಳ್ಳುವುದು, ಏನು ನೋಡುವುದು

ಯುರೋಪಿಯನ್ ಒಕ್ಕೂಟದ ಅಂಗಡಿಯಿಂದ ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಹಿಂತಿರುಗಿಸುವ ಹಕ್ಕಿದೆ. ಚೀನಾದಿಂದ ನೇರ ತರಿಸಿದರೆ 21% ವ್ಯಾಟ್, ಕೊರಿಯರ್ ಕಂಪನಿಯ ಶುಲ್ಕ ಮನೆ ಬಾಗಿಲಲ್ಲಿ ಕೇಳುತ್ತಾರೆ. ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಖಾಸಗಿಯವರಿಂದ ಕೊಂಡರೆ ಹಿಂತಿರುಗಿಸುವ ಹಕ್ಕು ಇಲ್ಲ. ಹಳೇ ಎಸ್19 ತೀರಾ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಮಾರುವವನಿಗೂ ಕರೆಂಟ್ ಬಿಲ್ ಬಂದಿರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಮೆಷಿನ್ ಅರ್ಧ ಗಂಟೆ ಓಡಿಸಿ ತೋರಿಸಲು ಹೇಳಿ. ಮೂರೂ ಹ್ಯಾಶ್‌ಬೋರ್ಡ್ ಪರದೆಯಲ್ಲಿ ಕಾಣಬೇಕು. ಫ್ಯಾನ್ ವೇಗ, ಉಷ್ಣಾಂಶ, ಸರಾಸರಿ ಹ್ಯಾಶ್‌ರೇಟ್ ಗಮನಿಸಿ. ಪ್ಲಗ್ ಸುಟ್ಟ ಗುರುತು ಇದ್ದರೆ ವಾಪಸ್ ಬನ್ನಿ. ಫರ್ಮ್‌ವೇರ್ ತಯಾರಕರ ಸೈಟಿನಿಂದಲೇ ಹೊಸದಾಗಿ ಹಾಕಿ, ಹಿಂದಿನ ಮಾಲೀಕನ ವಾಲೆಟ್ ವಿಳಾಸ ಅದರಲ್ಲಿ ಉಳಿದಿದ್ದರೆ ಕರೆಂಟ್ ನಿಮ್ಮದು, ಕಾಯಿನ್ ಅವನದು.

ಮೆಷಿನ್‌ಗಿಂತ ಮೊದಲು ಕೊಳ್ಳಬೇಕಾದ ಹಾರ್ಡ್‌ವೇರ್ ಒಂದಿದೆ: ಪ್ಲಗ್‌ಗೆ ಸಿಕ್ಕಿಸುವ ಎನರ್ಜಿ ಮೀಟರ್. ಗಾಮಾ, ಪ್ರಾಕ್ಸಿಸ್‌ನಂಥ ಅಂಗಡಿಗಳಲ್ಲಿ ಸಿಗುತ್ತದೆ. ತಯಾರಕ ಹೇಳಿದ ವ್ಯಾಟ್ ಬೇರೆ, ಗೋಡೆಯಿಂದ ಎಳೆಯುವ ವ್ಯಾಟ್ ಬೇರೆ.

ತೆರಿಗೆ: ಇಲ್ಲೂ ಅಲ್ಲೂ

ನೆದರ್‌ಲ್ಯಾಂಡ್ಸ್‌ನಲ್ಲಿ ಜನವರಿ 1ರಂದು ನಿಮ್ಮ ಬಳಿ ಇರುವ ಕ್ರಿಪ್ಟೋ ಮೌಲ್ಯವನ್ನು ಬಾಕ್ಸ್ 3ರಲ್ಲಿ, ಉಳಿತಾಯ ಮತ್ತು ಹೂಡಿಕೆಯ ಜೊತೆ ತೋರಿಸಬೇಕು. 2025ರ ವರ್ಷಕ್ಕೆ ಒಬ್ಬರಿಗೆ ವಿನಾಯಿತಿ 57,684 ಯೂರೋ, ಅದಕ್ಕಿಂತ ಮೇಲಿನದಕ್ಕೆ ಊಹಿಸಿದ ಲಾಭದ ಮೇಲೆ 36% ತೆರಿಗೆ. ಮೈನಿಂಗ್‌ನಿಂದ ಖರ್ಚು ಮೀರಿ ಆದಾಯ ಬಂದರೆ ಅದು ಬಾಕ್ಸ್ 1ರಲ್ಲಿ ಇತರೆ ಕೆಲಸದ ಆದಾಯವಾಗಿ ಬರುತ್ತದೆ. ಹಾಗಾಗಿ ಕರೆಂಟ್ ಬಿಲ್, ಖರೀದಿ ರಸೀದಿ ಜೋಪಾನವಾಗಿಡಿ.

30% ರೂಲಿಂಗ್ ಇರುವ ನಮ್ಮವರು ಗಮನಿಸಿ. ಮೊದಲು ಅವರು ಬಾಕ್ಸ್ 3ರಿಂದ ಹೊರಗುಳಿಯಬಹುದಿತ್ತು. 2025ರ ಜನವರಿಯಿಂದ ಆ ಅನುಕೂಲ ತೆಗೆದಿದ್ದಾರೆ. 2023ರ ಕೊನೆಗೇ ರೂಲಿಂಗ್ ಪಡೆಯುತ್ತಿದ್ದವರಿಗೆ ಮಾತ್ರ 2026ರ ಕೊನೆವರೆಗೆ ಅವಕಾಶ.

ಊರಿಗೆ ಮರಳಿ ಭಾರತದ ನಿವಾಸಿಯಾದ ಮೇಲೆ ಕಾಯಿನ್ ಮಾರಿದರೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 30% ತೆರಿಗೆ, ಮೇಲೆ ಸೆಸ್. ಮೈನಿಂಗ್‌ಗೆ ಮಾಡಿದ ಮೆಷಿನ್, ಮೂಲಸೌಕರ್ಯದ ಖರ್ಚನ್ನು ಕಳೆಯಲು ಬಿಡುವುದಿಲ್ಲ ಅಂತ ಸರ್ಕಾರ ಅದೇ ವರ್ಷ ಲೋಕಸಭೆಯಲ್ಲಿ ಸ್ಪಷ್ಟಪಡಿಸಿದೆ.

ಗಲ್ಫ್‌ನಲ್ಲಿರುವ ಓದುಗರಿಗೆ

"ನಮ್ಮಲ್ಲಿ ಕರೆಂಟ್ ಅಗ್ಗ, ಕಂಪನಿ ರೂಮಲ್ಲಂತೂ ಫ್ರೀ" ಅನ್ನುವವರಿಗೆ ಎರಡು ಮಾತು. ದುಬೈನಲ್ಲಿ ಮನೆ ದರ 23 ಫಿಲ್ಸ್‌ನಿಂದ ಶುರು, ಅಂದರೆ ಐದಾರು ಸೆಂಟ್. ಕಾಗದದ ಮೇಲೆ ಎಸ್21ರ ಮಿತಿಯೊಳಗೆ ಬರುತ್ತದೆ. ಆದರೆ ಒಂದೇ ಮೆಷಿನ್ ತಿಂಗಳಿಗೆ 2,520 ಯೂನಿಟ್ ತಿಂದು ಸ್ಲ್ಯಾಬ್ ದಾಟಿಸುತ್ತದೆ, ಅದು ಉಗುಳುವ ಶಾಖ ಹೊರಹಾಕಲು ಏಸಿಯೂ ಬೇಕು. ಸುತ್ತಲಿನ ಗಾಳಿ 45 ಡಿಗ್ರಿ ಮೀರಬಾರದು ಅಂತ ತಯಾರಕರೇ ಹೇಳುತ್ತಾರೆ. ಜುಲೈ ತಿಂಗಳು ನೆನಪಿಸಿಕೊಳ್ಳಿ.

ಎರಡನೆಯದು ಕಾನೂನು. ಕುವೈತ್‌ನಲ್ಲಿ ಮೈನಿಂಗ್ ನಿಷಿದ್ಧ. 2025ರಲ್ಲಿ ವಫ್ರಾ ಪ್ರದೇಶದಲ್ಲಿ ನೂರರಷ್ಟು ಮನೆಗಳಲ್ಲಿ ಮೈನಿಂಗ್ ನಡೆಯುತ್ತಿದ್ದುದನ್ನು ಪತ್ತೆ ಹಚ್ಚಿ ದಾಳಿ ಮಾಡಿದರು. ಹಿಡಿದದ್ದು ಕರೆಂಟ್ ಬಳಕೆಯ ಲೆಕ್ಕದಿಂದಲೇ. ಕಂಪನಿ ರೂಮಿನ ಕರೆಂಟ್ ಕಂಪನಿಯ ಆಸ್ತಿ. ಹತ್ತು ದಿರ್ಹಮ್ ಆಸೆಗೆ ಇಕಾಮಾ ಕಳೆದುಕೊಳ್ಳುವ ಕೆಲಸ ಬೇಡ.

ಇನ್ನು "ಮೆಷಿನ್ ನೀವು ಇಟ್ಕೊಳ್ಳೋದು ಬೇಡ, ನಾವೇ ಓಡಿಸ್ತೀವಿ, ತಿಂಗಳಿಗೆ ಇಷ್ಟು ಕೊಡ್ತೀವಿ" ಅನ್ನುವ ಕ್ಲೌಡ್ ಮೈನಿಂಗ್. 2015ರಲ್ಲಿ ಶುರುವಾದ ಗೇನ್‌ಬಿಟ್‌ಕಾಯಿನ್ ಯೋಜನೆ ತಿಂಗಳಿಗೆ 10%ರಂತೆ 18 ತಿಂಗಳು ಕೊಡುವುದಾಗಿ ಹೇಳಿತ್ತು. ಸಾವಿರಾರು ಜನ ಕೈಸುಟ್ಟುಕೊಂಡರು ಎಂಬ ಆರೋಪದ ಮೇಲೆ ಸಿಬಿಐ 2025ರ ಫೆಬ್ರವರಿಯಲ್ಲೂ ದೇಶದ ಹಲವೆಡೆ ಶೋಧ ನಡೆಸಿತು. ದಿನಕ್ಕೆ ಒಂದು ಟೆರಾಹ್ಯಾಶ್ ಎಷ್ಟು ದುಡಿಯುತ್ತದೆ ಅಂತ ಈಗ ನಿಮಗೆ ಗೊತ್ತಿದೆ. ಯಾರೇ ತಿಂಗಳಿಗೆ ಶೇಕಡಾ ಇಷ್ಟು ಅಂತ ಗ್ಯಾರಂಟಿ ಕೊಟ್ಟರೆ ಆ ಲೆಕ್ಕ ತೋರಿಸಲು ಹೇಳಿ.

ಕೊಳ್ಳುವ ಮುನ್ನ ಐದು ಪ್ರಶ್ನೆ

1. ಎಲ್ಲಾ ತೆರಿಗೆ ಸೇರಿ ನನ್ನ ಕರೆಂಟ್ ಯೂನಿಟ್‌ಗೆ ಎಷ್ಟು?
2. ಈ ಮೆಷಿನ್‌ನ ದಿನದ ಆದಾಯವನ್ನು ಅದರ ದಿನದ ಯೂನಿಟ್‌ನಿಂದ ಭಾಗಿಸಿದರೆ ಬರುವ ದರ ಅದಕ್ಕಿಂತ ಹೆಚ್ಚಿದೆಯೇ?
3. ಅದೇ ದುಡ್ಡಿಗೆ ನೇರವಾಗಿ ಎಷ್ಟು ಕಾಯಿನ್ ಸಿಗುತ್ತಿತ್ತು?
4. ವೈರಿಂಗ್, ಮನೆ ಮಾಲೀಕ, ಪಕ್ಕದ ಮನೆ ಮೂವರೂ ಒಪ್ಪುತ್ತಾರೆಯೇ?
5. ಈ ಪೂರ್ತಿ ಹಣ ಹೋದರೂ ಊರಿಗೆ ಕಳಿಸುವ ದುಡ್ಡಿನಲ್ಲಿ ಒಂದು ಪೈಸೆ ಕಡಿಮೆಯಾಗುವುದಿಲ್ಲ ತಾನೇ?

ಐದನೇ ಪ್ರಶ್ನೆಗೆ ಹೌದು ಅನ್ನಲು ಆಗುವುದು ಪುಟ್ಟ ಮೆಷಿನ್‌ಗೆ ಮಾತ್ರ. ಅದನ್ನು ತಗೊಳ್ಳಿ, ಮೇಜಿನ ಮೇಲಿಡಿ, ಪೂಲ್ ಅಂದರೇನು, ವಾಲೆಟ್ ಅಂದರೇನು ಅಂತ ಕೈಯಾರೆ ಕಲಿಯಿರಿ. ವಾಲೆಟ್‌ನ ರಹಸ್ಯ ಪದಗಳನ್ನು ಕಾಗದದ ಮೇಲೆ ಬರೆದಿಡಿ, ಫೋನಿನಲ್ಲಿ ಫೋಟೋ ಬೇಡ. ದೊಡ್ಡ ಮೆಷಿನ್‌ನ ಆಸೆ ಬಂದಾಗೆಲ್ಲ ಬಿಟ್‌ಕಾಯಿನ್ ಬೆಲೆ, ನೆಟ್‌ವರ್ಕ್ ಬಲ, ನಿಮ್ಮ ಕರೆಂಟ್ ದರ, ಈ ಮೂರನ್ನು ಅಂದಿನದಕ್ಕೆ ಬದಲಿಸಿ ಮೇಲಿನ ಲೆಕ್ಕ ಮತ್ತೊಮ್ಮೆ ಮಾಡಿ. ಉತ್ತರ ಬದಲಾದ ದಿನ ಕೊಳ್ಳಿ, ಅಲ್ಲಿವರೆಗೆ ಮೆಷಿನ್ ಅಂಗಡಿಯಲ್ಲೇ ಇರಲಿ.